ಒಲೆಯ ಹೊಗೆ ಮತ್ತು ಎದೆಯ ಬೇನೆ

ಚಳಿಗಾಲ ಬಂತೆಂದರೆ ಶಾಲೆಯ ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತುಗಳು ಹೆಚ್ಚುತ್ತವೆ. ನೆಗಡಿ, ಕೆಮ್ಮು, ಜ್ವರ ಎಂಬ ಮೂರು ಶಬ್ದಗಳುಳ್ಳ ರಜೆಯ ಅರ್ಜಿಗಳು ಈ ದಿನಗಳಲ್ಲಿ ಬರುವಷ್ಟು ಬೇರೆ ಯಾವ ಕಾಲದಲ್ಲಿಯೂ ಬರುವದಿಲ್ಲ. ಈ ಬೇನೆಗಳನ್ನು ತರುವವು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಎಂಬದನ್ನು ವಿಜ್ಞಾನದ ಪಾಠದಲ್ಲಿ ನಾವೆಲ್ಲರೂ ಓದಿದ್ದೇವೆ. ಆದರೆ ಒಂದೇ ಓಣಿಯ ಇಬ್ಬರು ಕೂಸುಗಳಿಗೆ ಒಂದೇ ವಾರದಲ್ಲಿ ನೆಗಡಿ ಹತ್ತುತ್ತದೆ. ಒಂದು ನಾಲ್ಕು ದಿನಗಳಲ್ಲಿ ಎದ್ದು ಆಡತೊಡಗುತ್ತದೆ, ಇನ್ನೊಂದನ್ನು ದವಾಖಾನೆಗೆ ಒಯ್ಯಬೇಕಾಗುತ್ತದೆ. ಸೂಕ್ಷ್ಮಜೀವಿ ಅದೇ, ಊರು ಅದೇ. ಹಾಗಾದರೆ ಈ ಅಂತರ ಎಲ್ಲಿಂದ ಬಂತು?

ಬೇನೆ ಬರುವದು ಒಂದು ಮಾತು. ಬಂದ ಬೇನೆ ಬಲಿಯುವದು ಇನ್ನೊಂದು ಮಾತು. ನಮ್ಮ ಕಡೆಯ ಒಕ್ಕಲಿಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಳಿಜೋಳದ ಅದೇ ಬೀಜ ಎರಿ ಹೊಲದಲ್ಲಿ ಆಳೆತ್ತರ ಬೆಳೆದರೆ ಮಡ್ಡಿಯಲ್ಲಿ ಮೊಣಕಾಲಿಗೆ ನಿಲ್ಲುತ್ತದೆ. ರೋಗದ ಬೀಜಕ್ಕೂ ನೆಲ ಬೇಕು. ಆ ನೆಲವನ್ನು ಹದಗೊಳಿಸುವ ಕಾರಣಗಳು ಹಲವು: ಕೂಸಿನ ವಯಸ್ಸು, ತೂಕ, ತಾಯಿಯ ಹಾಲು ಸಿಕ್ಕಿದೆಯೋ ಇಲ್ಲವೋ, ಲಸಿಕೆ ಹಾಕಿಸಿದೆಯೋ ಇಲ್ಲವೋ ಇತ್ಯಾದಿ. ಇವುಗಳ ಸಾಲಿಗೆ ಸೇರುವ, ಆದರೆ ಮನೆಯವರ ಲಕ್ಷ್ಯಕ್ಕೆ ಬಹಳ ಕಡಿಮೆ ಬರುವ ಇನ್ನೊಂದು ಕಾರಣ ಇದೆ. ಅದು ಉಸಿರಾಡುವ ಗಾಳಿಯಲ್ಲಿಯ ಹೊಗೆ. ಈ ಲೇಖನದಲ್ಲಿ ನಾವು ಅದೊಂದನ್ನೇ ವಿಚಾರಿಸಲಿದ್ದೇವೆ.

ಹಳೆಯ ಊರುಗಳಿಗೆ ಅಗಸಿ ಇರುತ್ತಿತ್ತು, ಅಗಸಿಯಲ್ಲಿ ತಳವಾರ ಇರುತ್ತಿದ್ದ. ನಮ್ಮ ಉಸಿರಿನ ದಾರಿಗೂ ಇಂಥ ಏರ್ಪಾಡು ಇದೆ. ಮೂಗಿನ ಕೂದಲು ದೊಡ್ಡ ಧೂಳನ್ನು ಬಾಗಿಲಲ್ಲಿಯೇ ತಡೆಯುತ್ತದೆ. ಅದನ್ನು ದಾಟಿದ ಕಣಗಳು ಶ್ವಾಸನಾಳದ ಒಳಗೋಡೆಗೆ ಬಳಿದ ಅಂಟಾದ ಸಿಂಬಳದಲ್ಲಿ ಸಿಕ್ಕಿಬೀಳುತ್ತವೆ. ಆ ಗೋಡೆಯ ಮೇಲೆ ಕೋಟ್ಯವಧಿ ಸೂಕ್ಷ್ಮ ರೋಮಗಳಿದ್ದು, ಗಾಳಿಗೆ ತೂಗುವ ಪೈರಿನಂತೆ ಒಂದೇ ದಿಕ್ಕಿಗೆ ಬಡಿಯುತ್ತ ಆ ಸಿಂಬಳವನ್ನು ಮೇಲಕ್ಕೆ, ಗಂಟಲಿನ ಕಡೆಗೆ ಸಾಗಿಸುತ್ತವೆ. ಇಷ್ಟನ್ನೂ ತಪ್ಪಿಸಿಕೊಂಡು ಶ್ವಾಸಕೋಶದ ತಳದಲ್ಲಿಯ ಗಾಳಿಗೂಡುಗಳನ್ನು ಮುಟ್ಟಿದ ಸೂಕ್ಷ್ಮಜೀವಿಗಳನ್ನು ನುಂಗಿ ಹಾಕಲು ಅಲ್ಲಿ ಭಕ್ಷಕ ಕೋಶಗಳಿರುತ್ತವೆ. ಇವೇ ಒಳಗಿನ ತಳವಾರರು. ವಯಸ್ಕನೊಬ್ಬನು ದಿನಕ್ಕೆ ಸುಮಾರು 10 ಸಾವಿರ ಲೀಟರ್ ಗಾಳಿಯನ್ನು ಒಳಗೆಳೆದುಕೊಂಡರೂ ಬಹುತೇಕ ದಿನ ಬೇನೆ ಬೀಳದೆ ಇರುವದು ಈ ಏರ್ಪಾಡಿನಿಂದಲೇ.

ಹೊಗೆ ಈ ಏರ್ಪಾಡನ್ನು ಒಂದೊಂದು ಕಡೆಯಿಂದ ಕೆಡಿಸುತ್ತದೆ. ಕಣ್ಣಿಗೆ ಕಾಣುವ ಹೊಗೆಗಿಂತ ಕಾಣದ ಕಣಗಳದೇ ಹೆಚ್ಚಿನ ಉಪದ್ರವ. ಮೀಟರಿನ ಹತ್ತು ಲಕ್ಷದ ಒಂದು ಭಾಗಕ್ಕೆ ಮೈಕ್ರೋಮೀಟರ್ ಎನ್ನುತ್ತಾರೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರೋಮೀಟರ್. ಎರಡೂವರೆ ಮೈಕ್ರೋಮೀಟರಿಗಿಂತ ಸಣ್ಣ ಕಣಗಳಿಗೆ ಪಿ. ಎಂ. 2.5 ಎಂದು ಹೆಸರು. ಮೂಗಿನ ಕೂದಲಿಗೆ ಇವು ಸಿಗುವದಿಲ್ಲ. ನೇರವಾಗಿ ತಳಕ್ಕೆ ಇಳಿಯುತ್ತವೆ. ಹೊಗೆಯಲ್ಲಿ ಬೆರೆತ ಉರಿಯುಂಟುಮಾಡುವ ಅನಿಲಗಳು ಸೂಕ್ಷ್ಮ ರೋಮಗಳ ಬಡಿತವನ್ನು ಮಂದಗೊಳಿಸುತ್ತವೆ. ಸಿಂಬಳ ಹೆಚ್ಚುತ್ತದೆ, ಆದರೆ ಮೇಲಕ್ಕೆ ಸಾಗುವದಿಲ್ಲ. ನಿಂತ ನೀರಿನಲ್ಲಿ ಹುಳು ಆದಂತೆ ಅದರಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಭಕ್ಷಕ ಕೋಶಗಳು ಮಸಿಯ ಕಣಗಳನ್ನೂ ಶತ್ರುವೆಂದೇ ತಿಳಿದು ನುಂಗುತ್ತವೆ, ಮಸಿ ಅರಗುವದಿಲ್ಲ. ಇಂಗ್ಲಂಡದ ಲೆಸ್ಟರ್ ನಗರದ ಆರೋಗ್ಯವಂತ ಮಕ್ಕಳ ಶ್ವಾಸನಾಳದಿಂದ ತೆಗೆದ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅವುಗಳ ಹೊಟ್ಟೆಯಲ್ಲಿ ಕಪ್ಪು ಇಂಗಾಲದ ಚುಕ್ಕೆಗಳು ಸ್ಪಷ್ಟವಾಗಿ ಕಂಡವು. ಇಂಗಾಲ ಹೆಚ್ಚಿದ್ದ ಮಕ್ಕಳಲ್ಲಿ ಶ್ವಾಸಕೋಶದ ಬಲ ಕಡಿಮೆ ಇತ್ತು. ಈ ಸಂಶೋಧನೆ 2006ರಲ್ಲಿ ಪ್ರಕಟವಾಯಿತು. ಹೊಟ್ಟೆ ತುಂಬ ಕಲ್ಲು ತಿಂದ ತಳವಾರನು ಕಳ್ಳನ ಬೆನ್ನು ಹತ್ತುವದು ಹೇಗೆ?

ಇಷ್ಟೇ ಅಲ್ಲ. ನ್ಯುಮೋನಿಯಾ ತರುವ ಮುಖ್ಯ ಸೂಕ್ಷ್ಮಜೀವಿಯಾದ ನ್ಯೂಮೊಕಾಕಸ್ ಶ್ವಾಸನಾಳದ ಕೋಶಕ್ಕೆ ಅಂಟಿಕೊಳ್ಳಲು ಒಂದು ಕೊಂಡಿಯನ್ನು ಬಳಸುತ್ತದೆ. ನಗರದ ಗಾಳಿಯ ಕಣಗಳನ್ನು ಪ್ರಯೋಗಶಾಲೆಯಲ್ಲಿ ಈ ಕೋಶಗಳ ಮೇಲೆ ಹಾಕಿದಾಗ ಅಂಥ ಕೊಂಡಿಗಳು ಹೆಚ್ಚಿದವು, ಅಂಟುವ ಸೂಕ್ಷ್ಮಜೀವಿಗಳೂ ಹೆಚ್ಚಿದವು. ಅಂದರೆ ಹೊಗೆಯು ತಳವಾರನನ್ನು ಮಲಗಿಸುವದಲ್ಲದೆ ಕಳ್ಳನಿಗೆ ಏಣಿಯನ್ನೂ ಹಚ್ಚುತ್ತದೆ.

ಎಳೆಯ ಕೂಸುಗಳಿಗೆ ಇದೆಲ್ಲ ಹೆಚ್ಚಾಗಿ ತಾಗುವದೇಕೆ ಎಂಬದಕ್ಕೆ ಭೌತಶಾಸ್ತ್ರದ ಉತ್ತರವೂ ಇದೆ. ಕೊಳವೆಯ ವ್ಯಾಸ ಅರ್ಧಕ್ಕೆ ಇಳಿದರೆ ಅದರಲ್ಲಿ ಶಾಂತವಾಗಿ ಹರಿಯುವ ಗಾಳಿಗೆ ಆಗುವ ತಡೆ ಇಮ್ಮಡಿಯಲ್ಲ, 16 ಪಟ್ಟು ಆಗುತ್ತದೆ. ಕೂಸಿನ ಶ್ವಾಸನಾಳ ಮೊದಲೇ ಸಣ್ಣದು. ಹೊಗೆಯಿಂದ ಅದರ ಗೋಡೆ ಒಂದಿಷ್ಟು ಬಾತರೂ, ಅದರ ಮೇಲೆ ನೆಗಡಿಯ ಸಿಂಬಳ ಸೇರಿದರೂ, ದೊಡ್ಡವರಿಗೆ ಬರಿಯ ಕೆಮ್ಮಾಗುವದು ಅದಕ್ಕೆ ಉಸಿರಿನ ಸಂಕಟವಾಗುತ್ತದೆ. ಮೇಲಾಗಿ ಕೂಸು ತನ್ನ ತೂಕದ ಮಾನದಿಂದ ನಮಗಿಂತ ಹೆಚ್ಚು ಗಾಳಿಯನ್ನು ಒಳಗೆಳೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಐದು ವರ್ಷದೊಳಗಿನ 7 ಲಕ್ಷ 40 ಸಾವಿರ ಮಕ್ಕಳು ಜಗತ್ತಿನಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು.

ಇದಕ್ಕೆ ಪುರಾವೆ ಏನು ಎಂದು ಕೇಳುವ ವಿದ್ಯಾರ್ಥಿಯನ್ನು ನಾವು ಮೆಚ್ಚುತ್ತೇವೆ. ಪುರಾವೆಗಳು ಬೇರೆ ಬೇರೆ ದೇಶಗಳಿಂದ, ಕೆಲವು ಅನಪೇಕ್ಷಿತವಾಗಿಯೇ ದೊರೆತಿವೆ.

ಸನ್ 1952ರ ಡಿಸೆಂಬರ್ 5ರಿಂದ 9ರ ವರೆಗೆ ಲಂಡನ್ ಪಟ್ಟಣದ ಮೇಲೆ ಗಾಳಿ ಸತ್ತಂತೆ ನಿಂತಿತು. ತಣ್ಣಗಿನ ಗಾಳಿ ಕೆಳಗೆ, ಬೆಚ್ಚನೆಯ ಗಾಳಿ ಮೇಲೆ ಮುಚ್ಚಳದಂತೆ. ಲಕ್ಷಾಂತರ ಮನೆಗಳ ಕಲ್ಲಿದ್ದಲ ಒಲೆಗಳ ಹೊಗೆ ಆ ಮುಚ್ಚಳದ ಕೆಳಗೆ ಮಂಜಿನೊಡನೆ ಕೂಡಿ ಸಿಕ್ಕಿಬಿತ್ತು. ಪಶುಪ್ರದರ್ಶನಕ್ಕೆ ತಂದಿದ್ದ ದಷ್ಟಪುಷ್ಟ ದನಗಳು ಕೂಡ ಉಸಿರು ಕಟ್ಟಿ ಬಿದ್ದವು. ಆ ದಿನಗಳಲ್ಲಿ ಸುಮಾರು 4 ಸಾವಿರ ಜನ ಹೆಚ್ಚಾಗಿ ಸತ್ತರೆಂದು ಆಗ ಎಣಿಸಲಾಯಿತು. ಅವರಲ್ಲಿ ಅನೇಕರು ಶ್ವಾಸನಾಳದ ಉರಿಯೂತ ಮತ್ತು ನ್ಯುಮೋನಿಯಾದವರು. ಮಂಜು ಸರಿದ ಮೇಲೂ ಎರಡು-ಮೂರು ತಿಂಗಳು ಸಾವಿನ ಸಂಖ್ಯೆ ಇಳಿಯಲಿಲ್ಲ. ಅದು ಹೊಗೆಯಿಂದಲ್ಲ, ಇನ್‌ಫ್ಲುಯೆಂಜಾ ಜ್ವರದಿಂದ ಎಂದು ಅಲ್ಲಿಯ ಸರಕಾರ ಹೇಳಿತು. ಸನ್ 2001ರಲ್ಲಿ ಮಿಶೆಲ್ ಬೆಲ್ ಮತ್ತು ದೇವ್ರಾ ಡೇವಿಸ್ ಎಂಬ ಇಬ್ಬರು ಸಂಶೋಧಕಿಯರು ಹಳೆಯ ದಾಖಲೆಗಳನ್ನು ಮತ್ತೆ ತೆಗೆದು ನೋಡಿ, ಆ ಜ್ವರವೊಂದೇ ಅಷ್ಟು ಸಾವುಗಳಿಗೆ ಕಾರಣವಾಗುವಂತಿರಲಿಲ್ಲ, ಒಟ್ಟು ಹೆಚ್ಚಿನ ಸಾವುಗಳು ಸುಮಾರು 12 ಸಾವಿರ ಎಂದು ತೋರಿಸಿದರು. ನಮಗೆ ತೋರುವ ಮಟ್ಟಿಗೆ, ಹೊಗೆಯೋ ಜ್ವರವೋ ಎಂದು ಎರಡನ್ನೂ ಬೇರ್ಪಡಿಸಿ ಕೇಳಿದ್ದೇ ಸರಿಯಾದ ಪ್ರಶ್ನೆ ಆಗಿರಲಿಲ್ಲ. ಹೊಗೆ ತಿಂದ ಎದೆಗೆ ಜ್ವರ ಬಂದರೆ ಏನಾಗುವದು ಎಂಬದೇ ಪ್ರಶ್ನೆ.

ಎರಡನೆಯ ಪುರಾವೆ ಅಮೇರಿಕೆಯ ಯೂಟಾ ಪ್ರಾಂತದ ಒಂದು ಕಣಿವೆಯದು. ಅಲ್ಲಿ ದೊಡ್ಡ ಉಕ್ಕಿನ ಕಾರಖಾನೆ ಇತ್ತು. ಕಾರ್ಮಿಕರ ವಿವಾದದಿಂದ ಅದು 1986ರ ಅಗಸ್ಟದಿಂದ 1987ರ ಸಪ್ಟೆಂಬರದ ವರೆಗೆ, ಹದಿಮೂರು ತಿಂಗಳು ಮುಚ್ಚಿತು. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ಆರ್ಡನ್ ಪೋಪ್ ಎಂಬವರು ದವಾಖಾನೆಗಳ ದಾಖಲೆ ಪುಸ್ತಕಗಳನ್ನು ತರಿಸಿ ಕೂಡಿಸಿ ಕಳೆದು ನೋಡಿದರು. ಕಾರಖಾನೆ ನಡೆಯುತ್ತಿದ್ದ ಚಳಿಗಾಲಗಳಲ್ಲಿ ಶ್ವಾಸನಾಳದ ಉರಿಯೂತ ಮತ್ತು ದಮ್ಮಿನಿಂದ ದವಾಖಾನೆ ಸೇರಿದ ಮಕ್ಕಳ ಸಂಖ್ಯೆ, ಅದು ಮುಚ್ಚಿದ್ದ ಚಳಿಗಾಲಕ್ಕಿಂತ ಎರಡು-ಮೂರು ಪಟ್ಟು ಇತ್ತು. ಈ ಕಾರಖಾನೆಯ ಹೊಗೆ ಮುಟ್ಟದ ಇನ್ನೊಂದು ಕಣಿವೆಯಲ್ಲಿ ಇಂಥ ಏರಿಳಿತ ಕಾಣಲಿಲ್ಲ. ನೆಗಡಿಯ ವಿಷಾಣುಗಳು ಮೂರು ಚಳಿಗಾಲಗಳಲ್ಲಿಯೂ ಇದ್ದವು. ಇಲ್ಲದ್ದು ಒಂದು ಚಳಿಗಾಲದಲ್ಲಿ ಚಿಮಣಿಯ ಹೊಗೆ ಮಾತ್ರ. ಗಾಳಿ ಅಳೆಯುವ ಯಂತ್ರದ ಸೋಸುಕಾಗದಗಳನ್ನು ಯಾರೋ ಬಿಸಾಡದೆ ಇಟ್ಟಿದ್ದರು. ಮುಂದೆ ಸಂಶೋಧಕರು ಆ ಧೂಳಿನ ಸಾರವನ್ನು ಪರೀಕ್ಷಿಸಿದಾಗ, ಕಾರಖಾನೆ ನಡೆಯುತ್ತಿದ್ದ ಕಾಲದ ಧೂಳಿನಲ್ಲಿ ಲೋಹಗಳ ಅಂಶ ಹೆಚ್ಚಿದ್ದು, ಅದು ಶ್ವಾಸಕೋಶದಲ್ಲಿ ಹೆಚ್ಚು ಉರಿ ಎಬ್ಬಿಸುವದು ಕಂಡುಬಂದಿತು. ಲೆಕ್ಕದ ಪುಸ್ತಕ ಹಿಡಿದು ಒಬ್ಬ ಅರ್ಥಶಾಸ್ತ್ರಜ್ಞನು ವೈದ್ಯಶಾಸ್ತ್ರಕ್ಕೆ ಇಷ್ಟು ದೊಡ್ಡ ಉಪಕಾರ ಮಾಡಿದನೆಂಬದನ್ನು ಗಣಿತಕ್ಕೆ ಹೆದರುವ ವಿದ್ಯಾರ್ಥಿಗಳು ಗಮನಿಸಬೇಕು.

ಸಾಂಕ್ರಾಮಿಕಗಳ ಕಾಲದಲ್ಲಿಯೂ ಇದೇ ಮಾತು. 1918ರ ಇನ್‌ಫ್ಲುಯೆಂಜಾ ಹಾವಳಿಯಲ್ಲಿ ನಮ್ಮ ದೇಶವೊಂದರಲ್ಲಿಯೇ ಕೋಟಿಗೂ ಮಿಕ್ಕಿ ಜನ ಸತ್ತರು. ಆ ವರ್ಷ ಅಮೇರಿಕೆಯ 180 ನಗರಗಳಲ್ಲಿ ಆದ ಸಾವುಗಳನ್ನು ಮೂವರು ವಿದ್ವಾಂಸರು ಹೋಲಿಸಿ ನೋಡಿ, ವಿದ್ಯುತ್ತಿಗಾಗಿ ಹೆಚ್ಚು ಕಲ್ಲಿದ್ದಲು ಸುಡುತ್ತಿದ್ದ ನಗರಗಳಲ್ಲಿ ಸಾವಿನ ಏರಿಕೆ ಹೆಚ್ಚಿತ್ತೆಂದು 2018ರಲ್ಲಿ ಪ್ರಕಟಿಸಿದರು. 2020ರ ಕೊರೋನಾ ಕಾಲದಲ್ಲಿ ಕೆನಡಾ ದೇಶದ ಒಂಟಾರಿಯೊ ಪ್ರಾಂತದಲ್ಲಿ ಸೋಂಕು ತಗಲಿದ ಸುಮಾರು ಒಂದೂವರೆ ಲಕ್ಷ ಜನರ ಮಾಹಿತಿ ಕಲೆಹಾಕಿದರು. ಪಿ. ಎಂ. 2.5 ಹೆಚ್ಚಿದ್ದ ಊರುಗಳಲ್ಲಿ ಬಹುಕಾಲ ವಾಸಿಸಿದ್ದವರು ದವಾಖಾನೆ ಸೇರುವ, ತೀವ್ರ ನಿಗಾ ವಿಭಾಗಕ್ಕೆ ಹೋಗುವ ಸಂಭವ ಸ್ವಲ್ಪ ಹೆಚ್ಚಿತ್ತು. ಸ್ವಲ್ಪ ಎಂಬ ಮಾತನ್ನು ಮರೆಯಬಾರದು. ನೂರಕ್ಕೆ ಐದು-ಹತ್ತರಷ್ಟು ಅಂತರ ಅದು. ಒಬ್ಬನ ಮಟ್ಟಿಗೆ ಅದು ಸಣ್ಣದು, ಊರಿಗೆ ಊರೇ ಉಸಿರಾಡುವ ಗಾಳಿಯ ಮಟ್ಟಿಗೆ ಸಣ್ಣದಲ್ಲ.

ಇನ್ನು ನಮ್ಮ ಮನೆಗಳ ಮಾತು. ಹೊಗೆ ಎಂದೊಡನೆ ನಮ್ಮ ಕಣ್ಣು ಚಿಮಣಿಗಳ ಕಡೆಗೆ ಹೋಗುವದು ಸಹಜ. ಸೊಲ್ಲಾಪುರ ಗಿರಣಿಗಳ ಊರು. 2019ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಶುದ್ಧ ಗಾಳಿಯ ರಾಷ್ಟ್ರೀಯ ಕಾರ್ಯಕ್ರಮದಲ್ಲಿ, ಗಾಳಿಯ ಗುಣ ಮಟ್ಟಕ್ಕೆ ಬಾರದ ನಗರಗಳ ಯಾದಿಯಲ್ಲಿ ಅದರ ಹೆಸರೂ ಇದೆ. 2023ರಲ್ಲಿ ಅಲ್ಲಿಯ ಸಕ್ಕರೆ ಕಾರಖಾನೆಯೊಂದರ ಎತ್ತರದ ಚಿಮಣಿಯನ್ನು ಕೆಡವಿದಾಗ ನೋಡಲು ಜನ ನೆರೆದಿದ್ದರು. ಅದು ಬಿದ್ದದ್ದು ವಿಮಾನಗಳು ಇಳಿಯಲೆಂದು. ಹೊಗೆಯ ಸಲುವಾಗಿ ಅಲ್ಲ! ಇರಲಿ. ಹಳ್ಳಿಯ ಕೂಸಿಗೆ ಚಿಮಣಿ ದೂರದ್ದು, ಒಲೆ ಹತ್ತಿರದ್ದು.

ಅಕ್ಕಲಕೋಟ, ಜತ್ತ ತಾಲೂಕುಗಳ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಎಷ್ಟೋ ಮನೆಗಳಲ್ಲಿ ರೊಟ್ಟಿ ಬೇಯುವದು ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಜಾಲಿ ಮತ್ತು ಕುಳ್ಳಿನ ಮೇಲೆ. ಮಣ್ಣಿನ ಮಾಳಿಗೆಯ ಮನೆ ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ, ನಿಜ. ಆದರೆ ಅಡುಗೆಯ ಕೋಣೆಗೆ ಕಿಟಕಿ ಇರುವದಿಲ್ಲ, ಮೇಲಿನ ಬೆಳಕಿಂಡಿಯೊಂದೇ ಗತಿ. ಮಳೆಗಾಲದಲ್ಲಿ ಅದನ್ನೂ ಮುಚ್ಚುತ್ತೇವೆ. ಹಸಿ ಕಟ್ಟಿಗೆಯನ್ನು ಊದುಗೊಳವಿಯಿಂದ ಊದುತ್ತ ಕಣ್ಣೊರಸಿಕೊಳ್ಳುವ ಅವ್ವನ ಮಗ್ಗುಲಲ್ಲಿ, ಬೆಚ್ಚಗಿರಲಿ ಎಂದು, ಕೂಸನ್ನು ಮಲಗಿಸಿರುತ್ತಾರೆ. ಇಂಥ ಕೋಣೆಯಲ್ಲಿ ಒಲೆ ಉರಿಯುವಾಗ ಒಂದು ಘನ ಮೀಟರ್ ಗಾಳಿಯಲ್ಲಿ ಪಿ. ಎಂ. 2.5 ಹಲವು ನೂರು ಮೈಕ್ರೋಗ್ರಾಮ್, ಒಮ್ಮೊಮ್ಮೆ ಸಾವಿರವನ್ನು ಮೀರಿ ಇರುತ್ತದೆ. ದಿನದ ಸರಾಸರಿ 60 ಮೀರಬಾರದೆಂಬದು ನಮ್ಮ ದೇಶದ ಕಟ್ಟಳೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 15 ಮಾತ್ರ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ 32 ಲಕ್ಷ ಜನ ಅಕಾಲದಲ್ಲಿ ತೀರಿದರೆಂದು ಆ ಸಂಸ್ಥೆಯೇ ಅಂದಾಜು ಮಾಡಿದೆ.

ಹಾಗಾದರೆ ಒಲೆ ಬದಲಿಸಿದರೆ ಬೇನೆ ಕಡಿಮೆ ಆಗುವದೇ? ಇಲ್ಲಿ ಆತುರದ ಉತ್ತರ ಕೊಡಲಾಗದು. ಮಧ್ಯ ಅಮೇರಿಕೆಯ ಗ್ವಾಟೆಮಾಲಾ ದೇಶದ ಗುಡ್ಡಗಾಡಿನಲ್ಲಿ 2002ರಿಂದ 2004ರ ವರೆಗೆ ಸುಮಾರು ಐದು ನೂರು ಮನೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಚೀಟಿ ಎತ್ತಿದಂತೆ ಆರಿಸಿದ ಅರ್ಧ ಮನೆಗಳಿಗೆ ಹೊಗೆಗೊಳವೆಯುಳ್ಳ ಒಲೆ ಕಟ್ಟಿಸಿದರು. ಉಳಿದವರು ಮೊದಲಿನಂತೆ ತೆರೆದ ಬೆಂಕಿಯ ಮೇಲೆ ಅಡುಗೆ ಮಾಡಿದರು. ಹೊಸ ಒಲೆಯ ಮನೆಗಳ ಕೂಸುಗಳಿಗೆ ಹೊಗೆಯ ಸೋಂಕು ಅರ್ಧಕ್ಕೆ ಇಳಿಯಿತು. ನ್ಯುಮೋನಿಯಾದ ಒಟ್ಟು ಸಂಖ್ಯೆ ನಿಶ್ಚಿತವಾಗಿ ಇಳಿಯಿತೆಂದು ಹೇಳುವಂತಾಗಲಿಲ್ಲ. ಆದರೆ ತೀವ್ರವಾದ ನ್ಯುಮೋನಿಯಾ ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆಯಾಯಿತು. ಬೇನೆ ಬರುವದು ಬೇರೆ, ಬಲಿಯುವದು ಬೇರೆ ಎಂದು ಮೊದಲಿಗೆ ಹೇಳಿದ ಮಾತು ಇದೇ.

ಇದನ್ನು ಓದಿ ಹಿಗ್ಗಿದ ಮೇಲೆ ಮುಂದಿನದನ್ನೂ ಓದಬೇಕು. ಆಫ್ರಿಕೆಯ ಮಲಾವಿ ದೇಶದಲ್ಲಿ ಸುಧಾರಿಸಿದ ಕಟ್ಟಿಗೆ ಒಲೆಗಳನ್ನು ಹಂಚಿ ನೋಡಿದಾಗ ಮಕ್ಕಳ ನ್ಯುಮೋನಿಯಾ ಇಳಿಯಲಿಲ್ಲ. ಈ ಫಲಿತಾಂಶ 2016ರಲ್ಲಿ ಬಂತು. ಗ್ವಾಟೆಮಾಲಾ, ಪೆರು, ರುವಾಂಡಾ ಮತ್ತು ನಮ್ಮ ದೇಶದ ತಮಿಳುನಾಡಿನಲ್ಲಿ ಒಟ್ಟು ಸುಮಾರು 3,200 ಕುಟುಂಬಗಳಲ್ಲಿ ಅಡುಗೆ ಅನಿಲದ ದೊಡ್ಡ ಪ್ರಯೋಗ ನಡೆಯಿತು. ಅರ್ಧ ಮನೆಗಳಿಗೆ ಒಲೆ ಮತ್ತು ಸಿಲಿಂಡರುಗಳನ್ನು ಪುಕ್ಕಟೆ ಪೂರೈಸಿದರು. ಹೊಗೆ ಬಹಳ ಕಡಿಮೆಯಾಯಿತು. ಆದರೆ ಒಂದು ವರ್ಷದೊಳಗಿನ ಕೂಸುಗಳ ತೀವ್ರ ನ್ಯುಮೋನಿಯಾ ಎರಡೂ ಗುಂಪುಗಳಲ್ಲಿ ಬಹುತೇಕ ಸಮವಾಗಿಯೇ ಇತ್ತೆಂದು 2024ರಲ್ಲಿ ಪ್ರಕಟವಾಯಿತು.

ಇದರಿಂದ ಹೊಗೆ ನಿರಪಾಯ ಎಂದು ತಿಳಿಯುವದು ತಪ್ಪಾದೀತು. ಒಲೆ ಬದಲಿಸಿದರೆ ಎಲ್ಲ ಸರಿಹೋಯಿತು ಎಂಬದೂ ತಪ್ಪೇ. ನಮ್ಮ ವಿಚಾರಕ್ಕೆ ಎರಡು ಕಾರಣಗಳು ಕಾಣುತ್ತವೆ. ಒಂದು ಮನೆಯ ಒಲೆ ಶುದ್ಧವಾದರೂ ಓಣಿಯ ಗಾಳಿ ಒಂದೇ: ನೆರೆಮನೆಯ ಹೊಗೆ, ತಿಪ್ಪೆಗೆ ಹಚ್ಚಿದ ಬೆಂಕಿ, ಹೊಲದಲ್ಲಿ ಸುಡುವ ಕಬ್ಬಿನ ರವದಿ, ಎಲ್ಲವೂ ಬೆಳಕಿಂಡಿಯಿಂದಲೇ ಒಳಗೆ ಬರುತ್ತವೆ. ಚಳಿಗಾಲದ ಸಂಜೆ ಊರ ಹೊರಗಿನ ದಿಬ್ಬದ ಮೇಲೆ ನಿಂತು ನೋಡಿದರೆ ಹೊಗೆಯು ಮೇಲೇರದೆ ಮಾಳಿಗೆಗಳ ಮಟ್ಟದಲ್ಲಿ ಕಂಬಳಿಯಂತೆ ಹಾಸಿಕೊಂಡಿರುವದು ಕಾಣುತ್ತದೆ. ಲಂಡನ್ನಿನ ಮುಚ್ಚಳವೇ ಅದು, ಸಣ್ಣ ಅಳತೆಯಲ್ಲಿ. ಎರಡನೆಯದಾಗಿ, ಕೂಸಿನ ನ್ಯುಮೋನಿಯಾಕ್ಕೆ ಹೊಗೆಯೊಂದೇ ಕಾರಣವಲ್ಲ. ನಮ್ಮ ದೇಶದಲ್ಲಿ 2017ರಿಂದ ಹಂತಹಂತವಾಗಿ ಆರಂಭವಾಗಿ 2021ರಲ್ಲಿ ಎಲ್ಲ ರಾಜ್ಯಗಳಿಗೂ ಹಬ್ಬಿದ ನ್ಯೂಮೊಕಾಕಸ್ ಲಸಿಕೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಪುಕ್ಕಟೆ ಸಿಗುತ್ತದೆ. ಅದನ್ನು ತಪ್ಪಿಸಿ ಬರಿಯ ಒಲೆಯ ಚಿಂತೆ ಮಾಡುವದು ವಿವೇಕವಲ್ಲ.

ಹೊಗೆ ಕಡಿಮೆ ಮಾಡುವ ಯತ್ನಗಳು ಹೊಸವೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಎಂಬ ವಿಭಾಗವು ಹೊಗೆಗೊಳವೆಯುಳ್ಳ, ಮೂರು ಪಾತ್ರೆ ಇಡುವ ಒಲೆಯನ್ನು ರೂಪಿಸಿತು. ಕರ್ನಾಟಕದ ಹಳ್ಳಿಗಳಲ್ಲಿ ‘ಅಸ್ತ್ರ ಒಲೆ’ ಎಂದೇ ಅದು ಹೆಸರಾಯಿತು. 2016ರಿಂದ ಉಜ್ವಲಾ ಯೋಜನೆಯಲ್ಲಿ ಬಡ ಕುಟುಂಬದ ಮಹಿಳೆಯರ ಹೆಸರಿನಲ್ಲಿ ಅನಿಲದ ಜೋಡಣೆ ಬಂದಿತು. ಆದರೆ ಎಷ್ಟೋ ಕಡೆ ಸಿಲಿಂಡರು ಚಹಾಕ್ಕೆ, ಬಂದ ಬೀಗರಿಗೆ. ದಿನದ ರೊಟ್ಟಿ ಕಟ್ಟಿಗೆಯ ಮೇಲೆಯೇ. ಸಿಲಿಂಡರಿನ ಬೆಲೆಯನ್ನು ನೋಡಿದರೆ ಆ ತಾಯಂದಿರನ್ನು ದೂರುವ ಧೈರ್ಯ ನಮಗಿಲ್ಲ. ರೊಟ್ಟಿಗೆ ಕಟ್ಟಿಗೆಯೇ ಬೇಕಾದರೆ ಅದು ಒಣಗಿರಲಿ. ಸಾಧ್ಯವಾದರೆ ಒಲೆ ಪಡಸಾಲೆಯ ಹೊರಗೆ ಇರಲಿ. ಎಲ್ಲಕ್ಕೂ ಮುಖ್ಯವಾಗಿ ಕೂಸು ಒಲೆಯ ಹತ್ತಿರ ಇರದಿರಲಿ. ಅದನ್ನು ಎತ್ತಿಕೊಂಡು ಹೊರಗೆ ಕೂಡ್ರುವದು ಮನೆಯಲ್ಲಿಯ ಹೈಸ್ಕೂಲು ಹುಡುಗ ಹುಡುಗಿಯರಿಂದ ಆಗದ ಕೆಲಸವಲ್ಲ. ಬಾಯಿಗೆ ಸೆರಗು ಅಥವಾ ಟವೆಲು ಕಟ್ಟಿಕೊಂಡರೆ ಇಷ್ಟು ಸಣ್ಣ ಕಣಗಳು ನಿಲ್ಲುವದಿಲ್ಲ ಎಂಬದೂ ತಿಳಿದಿರಲಿ.

ಬಾಣಂತಿ ಕೋಣೆಯ ವಿಷಯ ನಾಜೂಕಿನದು. ಹೊರಸಿನ ಕೆಳಗೆ ಕೆಂಡದ ಶೇಗಡಿ ಇಡುವದು, ಎರೆದ ಮೇಲೆ ಕೂಸಿಗೆ ಲೋಬಾನದ ಹೊಗೆ ಹಿಡಿಯುವದು ಹಿರಿಯರು ಪ್ರೀತಿಯಿಂದ ನಡೆಸಿಕೊಂಡು ಬಂದ ರೂಢಿಗಳು. ಕೂಸು ಬೆಚ್ಚಗಿರಬೇಕೆಂಬ ಅವರ ಮಾತು ನೂರಕ್ಕೆ ನೂರು ಸರಿ. ಆದರೆ ಮುಚ್ಚಿದ ಕೋಣೆಯಲ್ಲಿ ಕೆಂಡವು ಬಣ್ಣ ವಾಸನೆಗಳಿಲ್ಲದ ಕಾರ್ಬನ್ ಮೊನಾಕ್ಸೈಡ್ ವಿಷವನ್ನು ಬಿಡುತ್ತದೆ. ಲೋಬಾನದ ಹೊಗೆಯೂ ಹೊಗೆಯೇ. ಬೆಚ್ಚಗಿಡಲು ತಾಯಿಯ ಎದೆ, ಕುಲಾಯಿ, ಕೌದಿ ಸಾಕು. ಅಜ್ಜಿಯೊಡನೆ ವಾದಕ್ಕಿಳಿಯದೆ ಇದನ್ನು ಮೆಲ್ಲಗೆ ಹೇಳಬೇಕು.

ಕೊನೆಗೆ, ಬೇನೆ ಬಲಿಯುತ್ತಿದೆ ಎಂಬದನ್ನು ತಿಳಿಯುವ ಬಗೆ. ಇದಕ್ಕೆ ಬೇಕಾದದ್ದು ಸೆಕೆಂಡಿನ ಮುಳ್ಳುಳ್ಳ ಗಡಿಯಾರ ಅಥವಾ ಮೊಬೈಲು ಮಾತ್ರ. ಕೆಮ್ಮು ನೆಗಡಿಯ ಕೂಸು ಅಳದೆ ಶಾಂತವಾಗಿದ್ದಾಗ ಅಂಗಿ ಮೇಲೆತ್ತಿ, ಹೊಟ್ಟೆ ಉಬ್ಬುವದನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸು ನಿಮಿಷಕ್ಕೆ 60 ಅಥವಾ ಹೆಚ್ಚು ಸಲ, ಎರಡು ತಿಂಗಳಿಂದ ಒಂದು ವರ್ಷದೊಳಗಿನದು 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗಿನದು 40 ಅಥವಾ ಹೆಚ್ಚು ಸಲ ಉಸಿರಾಡಿದರೆ ಅದು ಬರಿಯ ನೆಗಡಿಯಲ್ಲ. ಅದೇ ದಿನ ಡಾಕ್ಟರರಿಗೆ ತೋರಿಸಬೇಕು. ಉಸಿರೆಳೆದಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಸೆಳೆಯುತ್ತಿದ್ದರೆ, ಕೂಸು ಮೊಲೆ ಕುಡಿಯದಿದ್ದರೆ, ಎಬ್ಬಿಸಿದರೂ ಎಚ್ಚರಾಗದಿದ್ದರೆ, ತುಟಿ ನೀಲಿಯಾದರೆ ಗಂಡಾಂತರ ಹತ್ತಿರವಿದೆ ಎಂದು ತಿಳಿಯಬೇಕು. ಆಗ ಹೊಟ್ಟೆಗೆ ಬರೆ ಹಾಕಿಸುವದು, ಅಂತ್ರ ಕಟ್ಟಿಸುವದು ಎಂದು ಹೊತ್ತು ಕಳೆಯಕೂಡದು. ಅಂಥ ಕೂಸಿಗೆ ಬೇಕಾದದ್ದು ಆಮ್ಲಜನಕ ಮತ್ತು ಔಷಧ. ಅವು ಇರುವದು ದವಾಖಾನೆಯಲ್ಲಿ. ರಾತ್ರಿಯಾಗಿದ್ದರೂ ಬೆಳಗಾಗಲೆಂದು ಕಾಯದೆ 108ಕ್ಕೆ ಫೋನು ಮಾಡಿ ಗಾಡಿ ತರಿಸಬೇಕು.